ಭದ್ರತೆಗೆ ಇನ್ನೊಂದು ಸುತ್ತು

"ಇವತ್ತಿನಿಂದ ಈ ಕಾರಿನ ಹೊಟ್ಟೆಗೆ ಪರರ ಕೈ ತಾಗಕೂಡದು!"

ಭಾನುವಾರ ಬೆಳಿಗ್ಗೆ ಅಂಗಳದ ನಡುವೆ ನಿಂತು, ಸ್ಪ್ಯಾನರನ್ನು ಮೇಲೆತ್ತಿ ಹಿಡಿದು ಗುಮಾಸ್ತರು ಈ ಭೀಷಣ ಪ್ರತಿಜ್ಞೆ ಮಾಡಿದಾಗ ಕೇಳಿಸಿಕೊಂಡವರು ಇಬ್ಬರೇ. ಹೆಂಡತಿ ಬಟ್ಟೆ ಒಣಗಹಾಕುತ್ತಿದ್ದಳು. ಅತ್ತೆ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅಳಿಯ ಎತ್ತಿ ಹಿಡಿದದ್ದು ಸ್ಪ್ಯಾನರೋ ಸೌಟೋ ಅವರಿಗೆ ಕಾಣಿಸಲಿಲ್ಲ. ಆದರೂ "ಒಳ್ಳೇದಾಗ್ಲಿ" ಎಂದು ಹರಸಿದರು.

ಗುಮಾಸ್ತರು ಊರಿನ ನೀರು ಸರಬರಾಜು ಕಚೇರಿಯಲ್ಲಿ ಸೋರಿಕೆಯ ದೂರು ಬರೆದುಕೊಳ್ಳುವವರು. ಬರೆದುಕೊಳ್ಳುವುದಷ್ಟೇ ಅವರ ಕೆಲಸ, ರಿಪೇರಿಯವರು ಬೇರೆ. ಆದರೆ ವರ್ಷಾನುಗಟ್ಟಲೆ ಜನರ ನಲ್ಲಿ, ಪೈಪು, ಟ್ಯಾಂಕುಗಳ ಗೋಳು ಕೇಳಿ ಕೇಳಿ, ಲೋಕದಲ್ಲಿ ಸೋರುವುದೆಲ್ಲ ತಮ್ಮ ಅಧಿಕಾರದ ವ್ಯಾಪ್ತಿಗೇ ಬರುತ್ತದೆಂಬ ನಂಬಿಕೆ ಅವರಲ್ಲಿ ಬೇರುಬಿಟ್ಟಿತ್ತು. ಕಚೇರಿಯವರು ಬೆನ್ನ ಹಿಂದೆ "ಸೋರಿಕೆ ಸಾಹೇಬ್ರು" ಎನ್ನುತ್ತಿದ್ದರು. ಗುಮಾಸ್ತರು ಅದನ್ನು ಬಿರುದೆಂದೇ ತಿಳಿದಿದ್ದರು.

ಕಾರು ಈಗಾಗಲೇ ಹಲವು ಸಂಸಾರಗಳನ್ನು ಕಂಡು, ಕೊನೆಗೆ ಇವರ ಮನೆ ಸೇರಿತ್ತು. ಅದನ್ನು ನೋಡಲು ಬಂದ ಬಾಮೈದ ಸುತ್ತಲೂ ಒಮ್ಮೆ ನಡೆದು, ಟೈರಿಗೆ ಕಾಲಿನಿಂದ ತಿವಿದು, "ಭಾವ, ಅಮ್ಮನ್ನ ಇದರಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀರಾ? ನನ್ನ ಕಾರು ಕಳಿಸ್ತೀನಿ ಬಿಡಿ" ಎಂದ. ಆ "ಬಿಡಿ" ಗುಮಾಸ್ತರ ಎದೆಗೆ ನಾಟಿತು.

"ಯಾರ ಕಾರೂ ಬೇಡ! ನಿಮ್ಮಮ್ಮನ ಕಣ್ಣು ನನ್ನ ಕಾರಲ್ಲೇ ಹೋಗ್ಲಿ!"

"ಬಿಡ್ತು ಅನ್ರೀ!" ಎಂದು ಹೆಂಡತಿ ಚೀರಿದಳು.

ಗುಮಾಸ್ತರು ಬಿಡ್ತು ಅಂದರು. ಹಟವನ್ನು ಮಾತ್ರ ಬಿಡಲಿಲ್ಲ.

ನಿಜಕ್ಕೂ ಇದು ನಗುವ ಮಾತಾಗಿರಲಿಲ್ಲ. ಪಕ್ಕದ ಊರಿನ ಕಣ್ಣಾಸ್ಪತ್ರೆಗೆ ದೊಡ್ಡ ಡಾಕ್ಟರು ಬರುವುದೇ ಅಪರೂಪ. ಕಾದೂ ಕಾದೂ ಸೋಮವಾರ ಬೆಳಗಿನ ಸರದಿ ಸಿಕ್ಕಿತ್ತು. ಅದಕ್ಕಿಂತ ದೊಡ್ಡ ಮಾತೆಂದರೆ ಅತ್ತೆ ಒಪ್ಪಿದ್ದು. ಹಿಂದೆ ಹೊರಟು ನಿಂತ ಮೇಲೂ "ಇದ್ದಷ್ಟು ದಿನ ಹೀಗೇ ಇರ್ತೀನಿ" ಎಂದು ಚಪ್ಪಲಿ ಕಳಚಿ ಒಳಗೆ ಹೋದವರು ಅವರು. ಈ ಸಲ, "ಅಳಿಯಂದ್ರು ಅವರ ಕಾರಲ್ಲಿ ಕರ್ಕೊಂಡು ಹೋದ್ರೆ ಬರ್ತೀನಿ" ಎಂದಿದ್ದರು. ಆ ಮಾತಿಗೆ ಗುಮಾಸ್ತರು ಕರಗಿ ನೀರಾಗಿದ್ದರು. ಈ ಸಲ ತಪ್ಪಿದರೆ ಇನ್ನು ಬ್ರಹ್ಮ ಬಂದರೂ ಅತ್ತೆಯನ್ನು ಒಪ್ಪಿಸಲಾಗದು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಹಾಗಾಗಿಯೇ ಈ ಸೇವೆ. ಮುಂದಿನ ಚಕ್ರಗಳನ್ನು ಮರದ ದಿಮ್ಮಿಗಳ ಮೇಲೆ ಹತ್ತಿಸಿ, ಚಾಪೆ ಹಾಸಿ, ಗುಮಾಸ್ತರು ಕಾರಿನ ಕೆಳಗೆ ಪ್ರವೇಶ ಮಾಡಿದರು. ಇಂಜಿನ್ನಿನ ತಳದಲ್ಲಿ ಆಯಿಲ್ ತುಂಬಿದ ತಟ್ಟೆಯಂಥ ಒಂದು ಪಾತ್ರೆ. ಅದಕ್ಕೆ ಚೇಂಬರ್ ಎನ್ನುತ್ತಾರೆ. ಅದರ ಅಡಿಯಲ್ಲಿ ಒಂದು ಬೋಲ್ಟ್. ಬೋಲ್ಟ್ ಬಿಚ್ಚಿದರೆ ಹಳೆಯ ಆಯಿಲ್ ಇಳಿಯುತ್ತದೆ, ಹಾಕಿ ಬಿಗಿದರೆ ಹೊಸದು ನಿಲ್ಲುತ್ತದೆ. ಇಷ್ಟೇ ವಿದ್ಯೆ! ಕಪ್ಪು ಆಯಿಲ್ ಬೇಸಿನ್ನಿಗೆ ಇಳಿಯಿತು. ಅದು ಹೆಂಡತಿ ಬಟ್ಟೆ ನೆನೆಹಾಕುವ ಬೇಸಿನ್ ಎಂಬುದು ಆಮೇಲೆ ತಿಳಿಯಿತು. ಬೋಲ್ಟ್ ಬಿಗಿದು, ಹೊಸ ಆಯಿಲ್ ಸುರಿದು, ಕೊನೆಗೆ ಗುಮಾಸ್ತರು ತಮ್ಮ ಜೀವನದ ಮಂತ್ರ ಹೇಳಿಕೊಂಡು ಸ್ಪ್ಯಾನರ್ ತಿರುವಿದರು.

"ಭದ್ರತೆಗೆ ಇನ್ನೊಂದು ಸುತ್ತು!"

ಈ ಮಂತ್ರ ಅವರೊಬ್ಬರದಲ್ಲ, ಇಡೀ ಮನೆಯದು. ಹೆಂಡತಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಡಾಕ್ಟರ ಚೀಟಿಯನ್ನು ಮತ್ತೆ ಮತ್ತೆ ಓದದೆ ಒಂದು ಮಾತ್ರೆಯನ್ನೂ ಕೊಟ್ಟವಳಲ್ಲ. ಅತ್ತೆ ಹುಡುಗಿಯರ ಹಾಸ್ಟೆಲಿನ ವಾರ್ಡನ್ ಆಗಿದ್ದು ನಿವೃತ್ತಿಯಾದವರು. ಈಗಲೂ ಮಲಗುವ ಮೊದಲು ಪ್ರತಿ ಬಾಗಿಲ ಚಿಲಕವನ್ನೂ ತಡವಿ ನೋಡುತ್ತಾರೆ. ಒಬ್ಬರು ಹಾಕಿದ ಬೀಗವನ್ನು ಇನ್ನೊಬ್ಬರು ಜಗ್ಗಿ ನೋಡದೆ ಈ ಮನೆಯಿಂದ ಯಾರೂ ಹೊರಗೆ ಹೋದದ್ದಿಲ್ಲ. ಡಬ್ಬಿಗಳ ಮುಚ್ಚಳ ತೆಗೆಯಲು ಸುತ್ತಿಗೆ ಬೇಕಾಗುತ್ತಿತ್ತು. ಹೊರಗಿನವರು ಇದನ್ನು ಅನುಮಾನ ಎನ್ನಬಹುದು. ಈ ಮನೆಯಲ್ಲಿ ಇದಕ್ಕೆ ಪ್ರೀತಿ ಎಂದು ಹೆಸರು.

ಊಟವಾದ ಮೇಲೆ ಮತ್ತೊಮ್ಮೆ ನೋಡೋಣವೆಂದು ಸ್ಪ್ಯಾನರನ್ನು ಬೋಲ್ಟಿನ ತಲೆಗೆ ಸಿಕ್ಕಿಸಿಯೇ ಬಿಟ್ಟು ಗುಮಾಸ್ತರು ಸ್ನಾನಕ್ಕೆ ಹೋದರು. ಊಟ ಮಾಡಿದರು. ಒಂದು ಸಣ್ಣ ನಿದ್ದೆಯನ್ನೂ ತೆಗೆದರು. ಎದ್ದು ಬಂದು, ಚಾಪೆಯ ಮೇಲೆ ಅಂಗಾತ ಮಲಗಿ, ಸ್ಪ್ಯಾನರಿಗೆ ಕೈ ಹಾಕಿದರು. ಬೆಳಿಗ್ಗೆ ಕಲ್ಲಿನಂತೆ ಕೂತಿದ್ದ ಬೋಲ್ಟ್ ಈಗ ಬೆಣ್ಣೆಯಲ್ಲಿ ಚಮಚ ತಿರುಗಿದಂತೆ ನುಣ್ಣಗೆ ತಿರುಗಿತು. ಇನ್ನೊಂದು ಸುತ್ತು. ಮತ್ತೂ ತಿರುಗಿತು. ಎಷ್ಟು ತಿರುವಿದರೂ ಬೇಸರವಿಲ್ಲದೆ ತಿರುಗಿತು! ಆಮೇಲೆ ಒಂದು ಹನಿ ಗುಮಾಸ್ತರ ಮೂಗಿನ ಮೇಲೆ ಬಿತ್ತು.

"ಆಯ್ತೇನ್ರೀ?" ಹೆಂಡತಿ ಕೇಳಿದಳು.

"ಆಯ್ತು."

"ಏನಾಯ್ತು?"

"ಆಗಬಾರದ್ದು ಆಯ್ತು."

ಸೋರಿಕೆ ಸಾಹೇಬರ ಬುದ್ಧಿ ತಕ್ಷಣ ಕಚೇರಿಯ ಕಡೆ ಓಡಿತು. ನಲ್ಲಿಗೆ ಸುತ್ತುವ ಬಿಳಿ ಟೇಪು! ಊರಿನ ಅರ್ಧ ನಲ್ಲಿಗಳು ಅದರ ದಯೆಯಿಂದಲೇ ಬದುಕಿವೆ. ಟೇಪು ಸುತ್ತಲು ಬೋಲ್ಟ್ ತೆಗೆಯಬೇಕು. ತೆಗೆದರು. ಹೊಸ ಆಯಿಲ್ ಬೇಸಿನ್ನಿಗೆ ಅರ್ಧ, ತೋಳಿಗೆ ಅರ್ಧ ಇಳಿಯಿತು. ಬೋಲ್ಟಿನ ಮೈಗೆ ತೆಳ್ಳಗಿನ ಲೋಹದ ಸುರುಳಿಗಳು ಅಂಟಿಕೊಂಡಿದ್ದವು. ಚೇಂಬರಿನ ಒಳಗೆ ಬೋಲ್ಟನ್ನು ಕಚ್ಚಿ ಹಿಡಿಯುವ ಸುರುಳಿ ಗೆರೆ, ಅಂದರೆ ಥ್ರೆಡ್, ಕಿತ್ತು ಬಂದಿತ್ತು. ಟೇಪು ಸುತ್ತಿ ಹಾಕಿದರು. ಸೋರಿತು. ಸಾಬೂನು ಮೆತ್ತಿದರು. ನೊರೆಯೊಂದಿಗೆ ಸೋರಿತು!

"ನಲ್ಲಿ ಸೋರುತ್ತೆ ಅಂತ ಬಂದವರಿಗೆ ಕಚೇರೀಲಿ ಏನ್ ಹೇಳ್ತೀರಿ?"

"ದೂರು ದಾಖಲಾಗಿದೆ, ಕಾಯಿರಿ ಅಂತೀನಿ."

"ಹಾಗಾದ್ರೆ ನಂದೂ ದಾಖಲು ಮಾಡ್ಕೊಳ್ಳಿ. ನಾಳೆ ಬೆಳಿಗ್ಗೆ ಅಮ್ಮನ ಆಪರೇಷನ್ ಇದೆ."

ಕಾರಿನ ಕೆಳಗೆ ಮಲಗಿಕೊಂಡೇ ಅವರು ಒಂದು ಕ್ಷಣ ಕಣ್ಣು ಮುಚ್ಚಿದರು. ಅತ್ತೆ ಮತ್ತೆ ಚಪ್ಪಲಿ ಕಳಚಿ ಒಳಗೆ ಹೋಗುವುದು ಎದುರಿಗೇ ಕಂಡಂತಾಯಿತು. ಸಂಕಟವಾದಾಗ ಮನುಷ್ಯ ಏನು ಮಾಡುತ್ತಾನೆ? ಎದುರಿಗಿಲ್ಲದವರನ್ನು ಬೈಯುತ್ತಾನೆ.

"ಮಾರಿದವನು ಟೋಪಿ ಹಾಕಿದ ಕಣೇ! ಇಲ್ಲದಿದ್ರೆ ಒಂದೇ ಒಂದು ಸುತ್ತಿಗೆ ಥ್ರೆಡ್ ಹೋಗುತ್ತಾ?"

ಹೆಂಡತಿ ಬಟ್ಟೆಯ ಕ್ಲಿಪ್ಪೊಂದನ್ನು ಒತ್ತುತ್ತ, ಬಿಡುತ್ತ ನಿಂತಳು. "ಒಂದೇ ಅಲ್ಲ," ಎಂದಳು ಮೆಲ್ಲಗೆ. "ನೀವು ಸ್ನಾನಕ್ಕೆ ಹೋದಾಗ ನಾನೂ ಒಂದು ಸುತ್ತು ಹಾಕ್ದೆ."

"ನೀನಾ? ಕಾರಿನ ಕೆಳಗಾ?"

"ಸ್ಪ್ಯಾನರ್ ಅಲ್ಲೇ ಬಿಟ್ಟಿದ್ರಲ್ಲ. ಒಲೆ ಆರಿಸಿದ್ದೀನಿ ಅಂತ ನೀವು ಹೇಳಿದ ಮೇಲೂ ಎಷ್ಟು ಸಲ ಉರೀತಿರ್ಲಿಲ್ಲ? ಅಮ್ಮ ಕೂರೋ ಗಾಡಿ ಅಂತ..."

ಗುಮಾಸ್ತರು ಕಾರಿನ ಕೆಳಗಿನಿಂದ ತೆವಳಿ ಹೊರಬಂದರು. ಮುಖದ ಒಂದು ಪಕ್ಕ ಪೂರ್ತಿ ಕಪ್ಪಾಗಿತ್ತು. "ಗಂಡ ಬಿಗಿದ ಬೋಲ್ಟಿನ ಮೇಲೇ ನಂಬಿಕೆ ಇಲ್ಲದ ಮೇಲೆ ಸಂಸಾರ ನಡೆಯೋದು ಹೇಗೆ!" ಎಂದು ಗುಡುಗಿದರು.

ಬಾಗಿಲ ಬಳಿಯ ಕುರ್ಚಿಯಿಂದ ಒಂದು ಕೆಮ್ಮು ಕೇಳಿಸಿತು.

"ಅವಳನ್ನ ಬೈಬೇಡಿ ಅಳಿಯಂದ್ರೇ. ಅವಳು ಬಿಟ್ಟಿದ್ದನ್ನ ನಾನು ಮುಗಿಸ್ದೆ."

ಇಬ್ಬರೂ ತಿರುಗಿ ನೋಡಿದರು. ಅತ್ತೆಯ ಮೊಣಕೈಗೆ ಕರಿ ಮೆತ್ತಿತ್ತು. ಬೆನ್ನಿನ ತುಂಬ ಚಾಪೆಯ ಧೂಳು.

"ಅಮ್ಮಾ! ಕಣ್ಣು ಕಾಣದೆ ಕಾರಿನ ಕೆಳಗೆ ಹೋಗಿದ್ದೆಯಾ?"

"ನೀವಿಬ್ರೂ ಮಲಗಿದ್ರಲ್ಲ, ಆಗ. ಕೈಗೆ ಸ್ಪ್ಯಾನರ್ ಸಿಕ್ತು. ತಿರುವಿದೆ. ಮೊದಲು ಗಟ್ಟಿ ಇತ್ತು, ಆಮೇಲೆ ಕಟಕ್ ಅಂತು. ಸರಿಯಾಗಿ ಕೂತ್ಕೊಂಡಿತು ಅಂದ್ಕೊಂಡೆ." ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ನಾಳೆ ಕಣ್ಣಿಗೆ ಏನು ಮಾಡ್ತಾರೋ, ಅದು ನನ್ನ ಕೈಲಿಲ್ಲ. ಭಯ ಆಗ್ತಿತ್ತು. ಕೈಲಾಗೋದು ಒಂದನ್ನಾದ್ರೂ ಭದ್ರ ಮಾಡೋಣ ಅನ್ನಿಸ್ತು."

ಗುಮಾಸ್ತರ ಕೋಪ ಆಯಿಲಿಗಿಂತ ಬೇಗ ಇಳಿದುಹೋಯಿತು. ಇಷ್ಟು ದಿನ ಅತ್ತೆಯದು ಬರೀ ಹಟವೆಂದು ತಿಳಿದಿದ್ದರು. ಅದು ಭಯವೆಂದು ಹೊಳೆದಿರಲಿಲ್ಲ. ಕೈ ಒರೆಸಿಕೊಂಡು, "ನನ್ನ ಜಂಬ ಹಾಳಾಗ್ಲಿ. ನಿಮ್ಮ ಮಗನಿಗೆ ಫೋನ್ ಮಾಡ್ತೀನಿ, ಕಾರು ಕಳಿಸ್ಲಿ" ಎಂದರು.

"ಬೇಡ," ಎಂದರು ಅತ್ತೆ. "ಅವನು ಕಾರು ಕಳಿಸ್ತಾನೆ, ಅವನು ಬರಲ್ಲ. ಅವನ ತಪ್ಪೇನಲ್ಲ, ಅವನಿಗೆ ಪುರುಸೊತ್ತಿಲ್ಲ. ನನಗೆ ಬೇಕಾಗಿದ್ದು ಕಾರಲ್ಲ ಅಳಿಯಂದ್ರೇ. ನೀವು ಕರ್ಕೊಂಡು ಹೋದ್ರೆ ಬರ್ತೀನಿ, ಇಲ್ಲಾಂದ್ರೆ ಇಲ್ಲ."

ಬೆಳಗಿನ ಪ್ರತಿಜ್ಞೆ ಅಲ್ಲಿಗೆ ಮಣ್ಣುಪಾಲಾಯಿತು. ಗುಮಾಸ್ತರು ಆ ಕರಿಮುಖದಲ್ಲೇ ಬೀದಿಯ ಕೊನೆಗೆ ಓಡಿ, ಮುಚ್ಚಿದ ಗ್ಯಾರೇಜಿನ ಹಿಂದಿನ ಬಾಗಿಲು ಬಡಿದರು. ರಜೆಯ ದಿನ ನಿದ್ದೆ ಕೆಟ್ಟ ಮೆಕ್ಯಾನಿಕ್ಕು ಗೊಣಗುತ್ತ ಬಂದ, ಗೊಣಗುತ್ತ ಕಾರಿನ ಕೆಳಗೆ ತೂರಿದ, ಅಲ್ಲಿಂದಲೇ ಕೂಗಿದ.

"ಯಾರ್ರೀ ಟೈಟ್ ಮಾಡಿದ್ದು ಇದನ್ನ?"

"ನಾನು," ಎಂದರು ಗುಮಾಸ್ತರು. "ನಾನು," ಎಂದಳು ಹೆಂಡತಿ. "ನಾನೂ ಇದ್ದೀನಪ್ಪಾ," ಎಂದರು ಅತ್ತೆ.

ಮೆಕ್ಯಾನಿಕ್ಕು ತಲೆ ಹೊರಗೆ ಹಾಕಿ ಮೂವರನ್ನೂ ನೋಡಿದ. "ನೆರೆಮನೆಯವರು ಊರಲ್ಲಿಲ್ವಾ?" ಎಂದು ಕೇಳಿ ಮತ್ತೆ ಒಳಗೆ ಹೋದ.

ಆಗಿದ್ದ ತೂತಿಗೆ ಒಂದು ಸೈಜು ದೊಡ್ಡದಾಗಿ ಹೊಸ ಥ್ರೆಡ್ ಹೊಡೆದು, ಚೂರುಗಳನ್ನೆಲ್ಲ ತೊಳೆದು, ದಪ್ಪನೆಯ ಬೋಲ್ಟು, ಹೊಸ ವಾಷರ್ ಹಾಕಿ, ಸಂಜೆ ಬೆಳಕು ಇರುವಾಗಲೇ ಅವನು ಕೆಲಸ ಮುಗಿಸಿದ. ಗ್ಯಾರೇಜಿನಿಂದ ತಂದ ಹೊಸ ಆಯಿಲ್ ಸುರಿದರು. ಇಂಜಿನ್ ಓಡಿಸಿದರು. ಒಂದು ಹನಿ ಬೀಳಲಿಲ್ಲ. ಮೆಕ್ಯಾನಿಕ್ಕು ಕೊನೆಯ ಸಲ ಬಗ್ಗಿ ಸ್ಪ್ಯಾನರ್ ಇಟ್ಟು, "ಯಾವುದಕ್ಕೂ ಇರ್ಲಿ ಸಾರ್, ಇನ್ನೊಂದು ಸುತ್ತು..." ಎಂದ.

"ಬೇಡಾ!"

ಮೂರು ಗಂಟಲುಗಳು ಒಟ್ಟಿಗೆ ಕೂಗಿದ ರಭಸಕ್ಕೆ ಮೆಕ್ಯಾನಿಕ್ಕಿನ ಕೈಯಿಂದ ಸ್ಪ್ಯಾನರ್ ಬಿತ್ತು. ಸೋಮವಾರ ಬೆಳಿಗ್ಗೆ ಹೊರಡುವ ಮೊದಲು ಮೂವರೂ ಬಗ್ಗಿ ನೋಡಿದರು. ಅತ್ತೆ ನೆಲವನ್ನು ಅಂಗೈಯಿಂದ ಸವರಿ ನೋಡಿದರು. ಒಣಗಿತ್ತು. ಕೈ ತುರಿಸಿದರೂ ಬೋಲ್ಟನ್ನು ಯಾರೂ ಮುಟ್ಟಲಿಲ್ಲ.

ದಾರಿಯುದ್ದಕ್ಕೂ ಅತ್ತೆ ಮಗಳ ಕೈ ಹಿಡಿದುಕೊಂಡು ಕೂತಿದ್ದರು. ಆಪರೇಷನ್ ಕೋಣೆಯ ಬಾಗಿಲಲ್ಲಿ ಆ ಕೈ ಬಿಟ್ಟು, ತಡಕಿ, ಅಳಿಯನ ತೋಳನ್ನು ಒಮ್ಮೆ ಒತ್ತಿ ಒಳಗೆ ಹೋದರು. ಹೊರಗಿನ ಬೆಂಚಿನ ಮೇಲೆ ಕೂತ ಗುಮಾಸ್ತರು ಆ ಹೊತ್ತು ದೇವರಿಗೆ ಏನೇನು ಹೇಳಿಕೊಂಡರೋ ಅವರಿಗೇ ಗೊತ್ತು. ಮರುದಿನ ಬಲಗಣ್ಣಿನ ಪಟ್ಟಿ ಬಿಚ್ಚಿದರು. ಅತ್ತೆ ಕಣ್ಣು ಪಿಳಿಪಿಳಿ ಬಿಟ್ಟು ಮೊದಲು ಮಗಳನ್ನು ನೋಡಿದರು. "ನಿನ್ನ ತಲೆ ಯಾವಾಗ ಇಷ್ಟು ನರೀತೇ?" ಎಂದು ಅವಳ ಕೆನ್ನೆ ಸವರಿದರು. ಹೆಂಡತಿ ಅತ್ತಳು. ಗುಮಾಸ್ತರೂ ಗೋಡೆಯ ಕಡೆ ತಿರುಗಿ ಅತ್ತರು, ಅದಕ್ಕೇನು ನಾಚಿಕೆ?

ಆಸ್ಪತ್ರೆಯ ಅಂಗಳಕ್ಕೆ ಬಂದರು. ಗುಮಾಸ್ತರು ಎದೆಯುಬ್ಬಿಸಿ ಕಾರಿನ ಬಾಗಿಲು ತೆರೆದರು. ಆ ಬಾಗಿಲಿನ ಬಣ್ಣ ಬೇರೆ, ಕಾರಿನ ಬಣ್ಣ ಬೇರೆ. ಮುಂದಿನ ಬಂಪರು ತಂತಿಯ ಕೃಪೆಯಿಂದ ನಿಂತಿತ್ತು. ಅತ್ತೆ ಕಾಣುವ ಕಣ್ಣಿನಿಂದ ಅದನ್ನು ಇದೇ ಮೊದಲ ಸಲ, ಮುಂದಿನಿಂದ ಹಿಂದಿನವರೆಗೆ, ನಿಧಾನವಾಗಿ ನೋಡಿದರು.

"ಅಳಿಯಂದ್ರೇ, ನಾವು ಬಂದಿದ್ದು ಇದರಲ್ಲೇನಾ?"

"ಇದರಲ್ಲೇ ಅತ್ತೆ!"

ಅತ್ತೆ ಒಳಗೆ ಕೂತರು, ಕಪ್ಪು ಕನ್ನಡಕ ಹಾಕಿಕೊಂಡರು, ಸೀಟಿನ ಅಂಚನ್ನು ಎರಡೂ ಕೈಯಿಂದ ಹಿಡಿದು ಕಣ್ಣು ಬಿಗಿಯಾಗಿ ಮುಚ್ಚಿಕೊಂಡರು.

ಗುಮಾಸ್ತರಿಗೆ ಗಾಬರಿಯಾಯಿತು. "ಯಾಕತ್ತೆ, ನೋಯ್ತಿದೆಯಾ? ಕಣ್ಣು ಮುಚ್ಕೊಳ್ಳಿ ಅಂದ್ರಾ ಡಾಕ್ಟರು?"

"ಅವರೇನೂ ಅನ್ನಲಿಲ್ಲ. ನೀವು ಹೊರಡಿ. ಮನೆ ಬಂದ ಮೇಲೆ ಹೇಳಿ, ತೆಗೀತೀನಿ."