ಅತ್ತೆಯ ಕಾಯಿಲೆಯಿಂದ ತಪ್ಪಿದ ಗೋವಾ

ಗೋವಾಕ್ಕೆ ವಿಮಾನದಲ್ಲೇ ಹೋಗೋಣ ಎಂದವನು ನಾನೇ. ಇಲ್ಲ ಎನ್ನುವಂತಿಲ್ಲ, ಪಾಂಡವಪುರದ ಇಡೀ ಟೀ ಅಂಗಡಿ ಕೇಳಿಸಿಕೊಂಡಿದೆ.

ಬೇಕರಿ ಇಟ್ಟಿರುವ ಕಿಟ್ಟಿ, ಗೂಡ್ಸ್ ಆಟೋ ಓಡಿಸುವ ಜಫರ್, ಮಿಕ್ಸಿ ಫ್ಯಾನು ರಿಪೇರಿ ಮಾಡುವ ನಾನು, ಅಂದರೆ ಪುಟ್ಟಸ್ವಾಮಿ, ಮೂವರೂ ಸ್ಕೂಲಿನಿಂದ ಗೆಳೆಯರು. ಮೂರು ಸಂಸಾರವೂ ಒಟ್ಟಿಗೆ ಎಲ್ಲಾದರೂ ಹೋಗಿಬರೋಣ ಎಂಬ ಮಾತು ಬಂತು. ಕಿಟ್ಟಿ ಊಟಿ ಎಂದ. ಜಫರ್ ಗೋವಾ ಎಂದ. ನನ್ನ ಪೌರುಷ ಭುಗಿಲೆದ್ದಿತು. (ಟೀ ಕಾಸು ಕೊಡುತ್ತಿದ್ದವನು ಕಿಟ್ಟಿ, ಅದು ಬೇರೆ ವಿಷಯ.)

"ಬಸ್ಸಲ್ಲಿ ಯಾವನ್ಲಾ ಓಯ್ತಾನೆ? ಫ್ಲೈಟಲ್ಲೇ ಓಗನ!"

ಇಬ್ಬರೂ ಬಾಯಲ್ಲಿದ್ದ ಟೀ ನುಂಗುವುದನ್ನು ಮರೆತರು. ಆಮೇಲೆ, "ಆಯ್ತು ಬುಡ್ಲಾ" ಎಂದರು.

ಮನೆಯಲ್ಲಿ ನನ್ನ ಹೆಂಡತಿ ಲತ ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದಳು. ಸುದ್ದಿ ಕೇಳಿ ಜರಡಿ ನಿಂತಿತು.

"ಮಗಳ ಫೀಸಿಗೇ ಚೀಟಿ ಎತ್ತಿವಿ. ಯಾವ್ ದುಡ್ನಲ್ಲಿ ವಿಮಾನ ಅತ್ತೀರಿ?"

(ನಮ್ಮ ಕಡೆ ಹತ್ತುವುದಕ್ಕೂ ಅಳುವುದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.)

"ಮರ್ವಾದೆ ಪ್ರಶ್ನೆ ಕಣೆ."

"ನಮ್ ಕೈಲಿ ಆಗಕಿಲ್ಲ ಅಂತ ಯೋಳ್ಬುಡಿ. ಅವ್ರೇನು ಬೀಗರಾ, ನಾಚ್ಕೊಳಕೆ?"

ಹೇಳಬಹುದಿತ್ತು. ಆದರೆ ನಿಜ ಹೇಳುವುದಕ್ಕೆ ಧೈರ್ಯ ಬೇಕು, ಸುಳ್ಳಿಗೆ ಫೋನು ಸಾಕು. ಕಿಕ್ಕೇರಿಯಲ್ಲಿರುವ ನನ್ನ ಅತ್ತೆ ಚಿಕ್ಕಬೋರಮ್ಮನವರನ್ನು ಒಂದೇ ಫೋನಿನಲ್ಲಿ ಹಾಸಿಗೆ ಹಿಡಿಸಿದೆ. "ಸೀರಿಯಸ್ಸು ಕಣ್ಲಾ ಜಫರ್. ಮಾತೇ ನಿಂತೋಗದೆ. ಇಂತಾ ಟೈಮಲ್ಲಿ ಗೋವಾಕ್ಕೆ ಎಂಗ್ ಬರ್ಲಿ?"

ಭಾನುವಾರ ಬೆಳಿಗ್ಗೆ ಅತ್ತೆಯವರು ಒಂದು ಚೀಲ ಅವರೆಕಾಯಿ ಹೊತ್ತು, ಹೆಂಗಸರಿಗೆ ಪುಕ್ಕಟೆಯಾದ ಬಸ್ಸಿನಲ್ಲಿ, ಯಾವ ಮುನ್ಸೂಚನೆಯೂ ಇಲ್ಲದೆ ಬಂದಿಳಿದರು. ಅವರು ಕೈಕಾಲು ತೊಳೆಯುವಷ್ಟರಲ್ಲಿ ಬಾಗಿಲು ಸದ್ದಾಯಿತು. ನಾನು ಏಳುವ ಮೊದಲೇ ಅವರೇ ಹೋಗಿ ತೆಗೆದರು. ಹೊರಗೆ ಕಿಟ್ಟಿ, ಜಫರ್. ಕೈಯಲ್ಲಿ ದ್ರಾಕ್ಷಿ, ಮುಖದಲ್ಲಿ ಶೋಕ. (ಅತ್ತೆಯವರನ್ನು ಇಬ್ಬರೂ ನನ್ನ ಮದುವೆಯಲ್ಲಿ ನೋಡಿದ್ದೇ ಕೊನೆ, ಗುರುತು ಸಿಗಲಿಲ್ಲ.)

"ಲತಕ್ಕಂಗೆ ಧೈರ್ಯ ಯೋಳನ ಅಂತ ಬಂದೋ," ಎಂದ ಕಿಟ್ಟಿ. "ಪಾಪ, ಅವ್ರ ಅವ್ವಂಗೆ ಮಾತು ನಿಂತೋಗದಂತೆ."

"ಅವ್ವ ಅಂದ್ರೆ ನಾನೇ ಕಣಪ್ಪ! ಯಾವನ್ಲಾ ಅವ್ನು ನನ್ ಮಾತು ನಿಲ್ಸಿದೋನು?"

ಆ ನಿಂತುಹೋದ ಮಾತು ಮೂರು ಮನೆಗೆ ಕೇಳಿಸಿತು. ಮಂಚದ ಕೆಳಗೆ ಜಾಗವಿದ್ದಿದ್ದರೆ ಹೊಕ್ಕುಬಿಡುತ್ತಿದ್ದೆ, ಅವರೆಕಾಯಿ ಚೀಲ ಅಡ್ಡ ಇತ್ತು. ಎಲ್ಲರೂ ನನ್ನನ್ನೇ ನೋಡಿದರು. ಬೇರೆ ದಾರಿ ಕಾಣದೆ ಹೇಳಿದೆ: "ದುಡ್ಡಿಲ್ಲ ಕಣ್ರಲಾ. ಗೋವಾ ನನ್ ಕೈಲಾಗಕಿಲ್ಲ."

ಬೈಯುತ್ತಾರೆ ಎಂದುಕೊಂಡೆ. ಜಫರ್ ಕುರ್ಚಿಯ ಮೇಲೆ ಕುಸಿದು ಕುಳಿತ.

"ಯಾ ಅಲ್ಲಾ, ಬದುಕಿಸ್ದೆ ಕಣ್ಲಾ! ಗಾಡಿ ಕಂತು ಕಟ್ಟಕೇ ಒದ್ದಾಡ್ತಾವ್ನಿ. ಗೋವಾ ಅಂದ್ರೆ ನೀವಿಬ್ರೂ ಬ್ಯಾಡ ಅಂತೀರಿ ಅಂದ್ಕಂಡು ಅಂದಿದ್ದೆ. ನೀನು ಫ್ಲೈಟು ಅಂದ್ಬುಟ್ಟೆ!"

ಕಿಟ್ಟಿ ಜೇಬಿನಿಂದ ಕಾಲಿಗೆ ಸುತ್ತುವ ಹೊಸ ಬ್ಯಾಂಡೇಜು ತೆಗೆದು ಮೇಜಿನ ಮೇಲಿಟ್ಟ. "ನಾಳೀಕೆ ಬಚ್ಚಲಲ್ಲಿ ಜಾರಿ ಬೀಳವ ಅಂತಿದ್ದೆ," ಎಂದ.

ಲತ ನಕ್ಕು ನಕ್ಕು ಗೋಡೆಗೊರಗಿದಳು. ನಮಗೂ ತಡೆಯಲಾಗಲಿಲ್ಲ. ಆ ದ್ರಾಕ್ಷಿ ತಿನ್ನುತ್ತ, ಯಾರ ಕೈಗೆ ಎಷ್ಟು ದುಡ್ಡು ಬರುತ್ತದೆ, ಎಲ್ಲಿ ಸೋರಿಹೋಗುತ್ತದೆ ಎಂದು ಮೂವರೂ ಮೊದಲ ಸಲ ಸುಳ್ಳಿಲ್ಲದೆ ಮಾತಾಡಿದೆವು. ಎದೆ ಹಗುರವಾಯಿತು. ಜೇಬಂತೂ ಮೊದಲಿನಿಂದಲೂ ಹಗುರವೇ.

"ಶ್ರೀರಂಗಪಟ್ಟಣದ ಸಂಗಮಕ್ಕೋಗನ," ಎಂದಳು ಲತ. "ಎಂಗಸ್ರಿಗೆ ಬಸ್ಸು ಪುಕ್ಸಟ್ಟೆ. ಊಟ ಮನೇದೇ."

ಮುಂದಿನ ಭಾನುವಾರ ಹೋದೆವು. ಜಫರನ ಹೆಂಡತಿ ಫರ್ಹತ್ ಬಿರಿಯಾನಿ ತಂದಿದ್ದಳು, ಕಿಟ್ಟಿ ಬನ್ನು, ಲತ ಬೇಯಿಸಿದ ಮೊಟ್ಟೆ. ಮಕ್ಕಳು ಮರಳಲ್ಲಿ ಹೊರಳಾಡಿದರು. ಯಾವ ಗೋವಾಕ್ಕೂ ಕಡಿಮೆಯಿಲ್ಲ ಎನಿಸಿತು. ಅತ್ತೆಯವರೂ ಬಂದಿದ್ದರು, ಬಿಟ್ಟುಬರುವ ಧೈರ್ಯ ಯಾರಿಗಿತ್ತು?

"ತಿಂಗ್ತಿಂಗ್ಳೂ ಮೂರ್ ಮನೆಯೋರೂ ಚೂರುಪಾರು ಎತ್ತಿಕ್ಕನ," ಎಂದ ಕಿಟ್ಟಿ. "ಬರೋ ವರ್ಷ ಊಟಿಗೆ ಓಗನ."

ಎಲ್ಲರೂ ತಲೆಯಾಡಿಸಿದರು. ತಣ್ಣನೆ ಗಾಳಿ, ಹೊಟ್ಟೆ ತುಂಬ ಬಿರಿಯಾನಿ. ನನಗೆ ಹುರುಪು ಬಂತು.

"ಊಟಿ ಯಾಕ್ಲಾ? ಓದ್ರೆ ಕಾಶ್ಮೀ..."

ಮಾತು ಅಲ್ಲಿಗೇ ನಿಂತಿತು. ಲತ ಇಡೀ ಮೊಟ್ಟೆಯನ್ನು ನನ್ನ ಬಾಯಿಗೆ ಗಿಡಿದಿದ್ದಳು.

"ಇನ್ನೊಂದು ತುರುಕು ಮಗ," ಎಂದರು ಅತ್ತೆ.