ಭಾವನವರ ಟವೆಲ್ ರಿಸರ್ವೇಶನ್

ನ್ಯೂಜೆರ್ಸಿಯ ಚಳಿಗಾಲ ಇಡೀ ಭೂಮಂಡಲದಲ್ಲಿ ಹೆದರುವುದು ಒಬ್ಬರಿಗೆ ಮಾತ್ರ. ಅವರು ನನ್ನ ಭಾವ. ಹಾಗೆಂದು ಭಾವನವರೇ ಹೇಳಿದ್ದಾರೆ. ಚಳಿಗಾಲದ ಕಡೆಯಿಂದ ಇದುವರೆಗೆ ಯಾವ ಹೇಳಿಕೆಯೂ ಹೊರಬಿದ್ದಿಲ್ಲ.

ಭಾವ ಎಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಶಾಸ್ತ್ರೋಕ್ತವಾಗಿ ಹೇಳುವುದಾದರೆ ನಾವಿಬ್ಬರೂ ಷಡ್ಡಕರು. ಒಬ್ಬನೇ ಮಾವನಿಂದ ಕೈಗೆ ನೀರೆರೆಸಿಕೊಂಡ ಇಬ್ಬರು ಗಂಡಸರ ನಡುವೆ ಎಂಥ ಪ್ರೀತಿ ಇರುತ್ತದೆಂಬುದನ್ನು ನಾನು ವಿವರಿಸಬೇಕೆ? ಅವರು ರಾಯಚೂರಿನವರು, ನಾನು ಮೈಸೂರಿನವನು. ಅವರದು ಜರ್ಸಿ ಸಿಟಿಯ ಹಳೆಯ ಸಾಲುಮನೆ; ಕಾರು ಬೀದಿಯಲ್ಲೇ ನಿಲ್ಲಬೇಕು. ನನ್ನದು ಮಾನ್ಮತ್ ಜಂಕ್ಷನ್‌ನಲ್ಲಿ ಗ್ಯಾರೇಜ್ ಇರುವ ಮನೆ. ಈ ಗ್ಯಾರೇಜನ್ನು ಅವರು ಇನ್ನೂ ಕ್ಷಮಿಸಿಲ್ಲ.

"ಗ್ಯಾರೇಜ್ ಇದ್ದವಂಗ ಸ್ನೋ ಅಂದ್ರ ಏನ್ ತಮ್ಮಾ? ಕಿಟಕ್ಯಾಗ ಕಾಣೂ ಸಿನೆಮಾ! ಬೀದ್ಯಾಗ ಕಾರ್ ನಿಲ್ಲಿಸವಂಗ ಕೇಳು, ಅದು ಕುರುಕ್ಷೇತ್ರ!"

ರಾಯಚೂರಿನಲ್ಲಿ ಹುಟ್ಟಿ ಬೆಳೆದವರಿಗೆ ಚಳಿ ಎಂದರೆ ಫ್ಯಾನಿನ ವೇಗ ಒಂದು ನಂಬರ್ ತಗ್ಗಿಸುವ ಸಂದರ್ಭ, ಅಷ್ಟೆ. ಅಂಥವರನ್ನು ವಿಧಿ ಎಲ್ಲೆಲ್ಲಿಗೆ ಎಳೆದೊಯ್ದಿತು ನೋಡಿ! ವೀಸಾದ ಕಾಲದಲ್ಲಿ ಕಂಪನಿ ಕಳಿಸಿದಲ್ಲೆಲ್ಲ ಹೋಗಿ, ಅಮೆರಿಕದ ಚಳಿಗಳನ್ನು ಊರೂರಾಗಿ ಅನುಭವಿಸಿ, ಈಗ ಆ ವಿಷಯದಲ್ಲಿ ಉಪನ್ಯಾಸ ಕೊಡುವ ಹಂತ ತಲುಪಿದ್ದಾರೆ. ಕೇಳುವವರು ಬೇಕೆಂಬ ನಿಯಮವೇನೂ ಇಲ್ಲ.

"ಮಿನೆಸೋಟದ ಚಳಿ ಮಾತಿಗೆ ತಪ್ಪೂದಿಲ್ಲ. ನವೆಂಬರ್‌ದಾಗ ಬರ್ತೀನಿ ಅಂತದ, ಬರ್ತದ. ಬಂದು ಏಪ್ರಿಲ್ ತನಕ ಮನೀ ಅಳಿಯನ ಹಂಗ ಕುಂತ್ ಬಿಡ್ತದ. ಬಫಲೋದ್ದು ದಿಬ್ಬಣ! ಬೆಳಗಾಗೂದ್ರಾಗ ಬಾಗಿಲ ತನಕ ಬಂದು ನಿಂತಿರ್ತದ, ಎದುರುಗೊಳ್ಳಾಕ ನೀವೇ ಹೋಗಬೇಕು. ಡಲ್ಲಾಸ್‌ದಾಗ ನಾಕು ಹಳಕು ಉದುರಿದ್ರ ಸಾಲಿ ಬಂದ್, ಆಫೀಸ್ ಬಂದ್, ಮಂದೆಲ್ಲಾ ಕಂಬಳಿ ಹೊದ್ದು ದೇವರ ಧ್ಯಾನ!"

"ಮತ್ತೆ ನಮ್ಮ ನ್ಯೂಜೆರ್ಸಿ, ಭಾವಾ?"

"ಥೂ! ಮುಂಜಾನಿ ಸ್ನೋ, ಮಧ್ಯಾಹ್ನ ಮಳಿ, ಸಂಜಿಗೆ ಐಸ್. ಮೂರೂ ಪಾರ್ಟಿಯವ್ರಿಗೆ ಓಟ್ ಹಾಕ್ತೀನಿ ಅನ್ನೂ ಪೈಕಿ. ಇದನ್ನ ನಂಬಬ್ಯಾಡ."

ನಂಬದ ಶತ್ರುವಿನ ಎದುರು ಅವರು ಸಜ್ಜಾಗುವ ವೈಖರಿಯನ್ನು ನೀವು ನೋಡಬೇಕು. ಮೊದಲು ಎಳ್ಳೆಣ್ಣೆ ತಿಕ್ಕಿಕೊಳ್ಳುವುದು. ಅದರ ಮೇಲೆ ಥರ್ಮಲ್, ಥರ್ಮಲ್ ಮೇಲೆ ಸ್ವೆಟರ್, ಸ್ವೆಟರ್ ಮೇಲೆ ಇನ್ನೊಂದು ಸ್ವೆಟರ್, ಎಲ್ಲದರ ಮೇಲೆ ದಪ್ಪ ಜಾಕೆಟ್. ತಲೆಗೆ ಮಂಕಿ ಕ್ಯಾಪ್. ಕಿವಿಗೆ ಹತ್ತಿ. ಏಕೆಂದರೆ ಚಳಿ ಮನುಷ್ಯನ ಒಳಗೆ ಹೋಗುವುದು ಕಿವಿಯ ಮೂಲಕ. ಉಳಿದ ಶರೀರ ಬರೀ ನೆಪ. ಈ ಹತ್ತಿಯ ಬಗ್ಗೆ ನಮ್ಮ ಅತ್ತಿಗೆಯ ಅಭಿಪ್ರಾಯವೇ ಬೇರೆ.

"ಅದರಿಂದ ಚಳಿ ನಿಲ್ಲತ್ತೋ ಇಲ್ವೋ ಗೊತ್ತಿಲ್ಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ನಾನು ಹೇಳೋ ಕೆಲಸ ಮಾತ್ರ ಒಂದೂ ಒಳಗೆ ಹೋಗಲ್ಲ!"

ಇಲ್ಲಿ ಸ್ನೋ ಬರುತ್ತದೆಂಬ ಸುದ್ದಿ ಬಂದೊಡನೆ ಊರಿಗೆ ಊರೇ ಅಂಗಡಿಗೆ ನುಗ್ಗಿ ಹಾಲು, ಬ್ರೆಡ್ಡು, ಮೊಟ್ಟೆ ಖಾಲಿ ಮಾಡುತ್ತದೆ. ಪ್ರಳಯವಾದಾಗ ಎಲ್ಲರೂ ಕೂತು ಫ್ರೆಂಚ್ ಟೋಸ್ಟ್ ತಿನ್ನುವ ಯೋಜನೆಯೋ ಏನೋ! ಭಾವನವರು ಮಾತ್ರ ಇಂಡಿಯನ್ ಸ್ಟೋರಿಗೆ ಹೋಗಿ ಹಸಿಮೆಣಸಿನಕಾಯಿ ಖಾಲಿ ಮಾಡುತ್ತಾರೆ. ಒಮ್ಮೆ ನಾನೂ ಜೊತೆಗಿದ್ದೆ. ಬುಟ್ಟಿಯ ತುಂಬ ಮೆಣಸಿನಕಾಯಿ, ಮೂಲೆಯಲ್ಲಿ ಬಡಪಾಯಿ ಬೆಳ್ಳುಳ್ಳಿ. ಗಲ್ಲಾದ ಹುಡುಗಿ ಕಣ್ಣರಳಿಸಿ, "ಅಂಕಲ್, ಪಾರ್ಟಿ ಹೈ ಕ್ಯಾ?" ಎಂದಳು.

"ನಹೀ ಬೇಟಿ," ಎಂದರು ಭಾವ, ಯುದ್ಧಕ್ಕೆ ಹೊರಟ ಸೇನಾಪತಿಯ ಗಾಂಭೀರ್ಯದಲ್ಲಿ. "ಸ್ನೋ ಹೈ."

ಇಷ್ಟೆಲ್ಲ ನಗೆಯ ನಡುವೆ ಹೋದ ವರ್ಷದ ಚಳಿಗಾಲದಲ್ಲಿ ಅತ್ತಿಗೆ ಮನೆಯೆದುರೇ ಐಸ್ ಮೇಲೆ ಜಾರಿ ಬಿದ್ದರು. ಮೊದಲೇ ಸವೆದಿದ್ದ ಮಂಡಿ ಆಮೇಲೆ ಮಾತೇ ಕೇಳದಾಯಿತು. ಈ ವರ್ಷ ಅದನ್ನು ಬದಲಾಯಿಸುವ ಆಪರೇಷನ್ ಆಯಿತು. ನಡೆಯುವುದನ್ನು ರೂಢಿ ಮಾಡಿಸಲು ರಿಹ್ಯಾಬ್‌ನಲ್ಲಿ ಇರಿಸಿಕೊಂಡರು. ಮಂಡಿ ಬೇಗನೆ ಗುಣವಾಯಿತು. ಗುಣವಾಗದೆ ಉಳಿದದ್ದು ಭಯ. ರಿಹ್ಯಾಬಿನ ಹಾಸಿಗೆಯ ಮೇಲಿಂದಲೇ ಅತ್ತಿಗೆ ಗಂಡನಿಗೆ ನೋಟಿಸ್ ಕೊಟ್ಟರು.

"ನನ್ನ ಕಾಲು ಇನ್ನೊಂದ್ಸಲ ಐಸ್ ಮೇಲೆ ಬಿತ್ತೋ, ಅವತ್ತೇ ಡಲ್ಲಾಸ್‌ಗೆ ಟಿಕೆಟ್. ಮಗಳ ಮನೇಲಿ ಇದ್ಬಿಡ್ತೀನಿ. ನೀವು ನಿಮ್ಮ ಸ್ನೋ ಜೊತೆ ಸಂಸಾರ ಮಾಡ್ಕೊಳ್ಳಿ!"

ಅತ್ತಿಗೆ ಹೇಳಿದರೆ ಮಾಡುತ್ತಾರೆ. ಇದು ಇಡೀ ಬಂಧುವರ್ಗಕ್ಕೆ ಗೊತ್ತು. ಭಾವ ಎದೆ ಸೆಟೆಸಿ, "ಹೋಗ್ಲಿ ಬಿಡು ತಮ್ಮಾ, ಆಕಿಗೂ ಬದಲಾವಣಿ ಬೇಕು, ನನಗೂ ಆರಾಮ್" ಎಂದರು. ಹಾಗೆಂದವರು ಅಂದೇ ಸಂಜೆ ನನಗೆ ಫೋನ್ ಮಾಡಿ, "ಈ ವರ್ಷ ಡಲ್ಲಾಸ್‌ದಾಗ ಜೋರ್ ಸ್ನೋ ಬೀಳೂ ಲಕ್ಷಣ ಏನಾರ ಅದ ಏನು, ಸ್ವಲ್ಪ ನೋಡಿ ಹೇಳು" ಎಂದು ಕೇಳಿದರು!

ಅತ್ತಿಗೆಯನ್ನು ಶುಕ್ರವಾರ ಮನೆಗೆ ಕಳಿಸುತ್ತೇವೆಂದರು ರಿಹ್ಯಾಬಿನವರು. ಸ್ನೋ ಬುಧವಾರವೇ ಬಂತು. ಡಲ್ಲಾಸಿಗಲ್ಲ, ನಮಗೆ.

ಗುರುವಾರ ಭಾವ ನನ್ನನ್ನು ಸ್ನೋ ತೋಡುವ ಶವೆಲ್ ಸಮೇತ ಕರೆಸಿಕೊಂಡರು. ಬೀದಿಯ ಎರಡು ಬದಿಗೂ ಎದೆಯೆತ್ತರದ ಬಿಳಿ ಗೋಡೆ. ಮನೆಯ ಮೆಟ್ಟಿಲಿನ ನೇರಕ್ಕೆ ಕಾರು ನಿಲ್ಲುವಷ್ಟು ಜಾಗ ತೋಡಬೇಕು; ಕಾರಿನ ಬಾಗಿಲು ತೆಗೆದರೆ ಅತ್ತಿಗೆಯ ಕಾಲು ನೇರವಾಗಿ ಒಣ ಸಿಮೆಂಟಿನ ಮೇಲೆ ಬೀಳಬೇಕು. ಇದು ಯೋಜನೆ. ಭಾವ ಯೋಜನೆಯ ಹೊಣೆ ಹೊತ್ತರು, ನಾನು ಸ್ನೋ ಹೊತ್ತೆ.

"ಅಲ್ಲಿ ನೋಡು, ಅಲ್ಲಿ! ಮೈಸೂರು ಮಂದಿ ಮಣ್ಣು ಅಗೀತೀರೋ, ಪಾಕ ಕಲಸ್ತೀರೋ?"

"ನೀವೂ ಒಂದು ಕೈ ಹಾಕಬಹುದು ಭಾವಾ."

"ಆಂ? ಏನಂದಿ? ಕಿವ್ಯಾಗ ಹತ್ತಿ ಅದ."

ನನ್ನ ಸೊಂಟ ಮುರಿಯುವ ಹೊತ್ತಿಗೆ ಜಾಗ ತಯಾರಾಯಿತು. ಈಗ ಈ ಬೀದಿಯ ಧರ್ಮಶಾಸ್ತ್ರ ಹೇಳಬೇಕು. ಸ್ನೋ ತೋಡಿದವನೇ ಜಾಗದ ಒಡೆಯ, ಸ್ನೋ ಕರಗುವ ತನಕ. ಪುರಸಭೆ ಇದನ್ನು ಒಪ್ಪುವುದಿಲ್ಲ. ಬೀದಿ ಪುರಸಭೆಯನ್ನು ಒಪ್ಪುವುದಿಲ್ಲ. ಕಾರು ತೆಗೆದುಕೊಂಡು ಹೊರಗೆ ಹೋಗುವಾಗ ಜಾಗದಲ್ಲಿ ಮುರುಕು ಕುರ್ಚಿಯನ್ನೋ, ಬಕೀಟನ್ನೋ ಇಟ್ಟು ಹೋದರೆ ಸಾಕು, ಯಾರೂ ಮುಟ್ಟುವುದಿಲ್ಲ. ಎದುರು ಮನೆಯ ಕಾರ್ಮೆನ್ ತನ್ನ ಜಾಗಕ್ಕೆ ಇಸ್ತ್ರಿ ಮಾಡುವ ಉದ್ದನೆಯ ಮೇಜನ್ನೇ ಕಾಲು ಬಿಡಿಸಿ ನಿಲ್ಲಿಸಿದ್ದಳು. ಕಾರ್ಮೆನ್ ಪೋರ್ಟೋರಿಕೋ ಮೂಲದವಳು, ಬದುಕಿಡೀ ಸ್ಕೂಲ್ ಬಸ್ ಓಡಿಸಿ ನಿವೃತ್ತಳಾದವಳು. ಅವಳ ಇಸ್ತ್ರಿ ಮೇಜಿನ ತಂಟೆಗೆ ಹೋಗುವ ಧೈರ್ಯ ಇಡೀ ಹಡ್ಸನ್ ಕೌಂಟಿಯಲ್ಲಿ ಯಾರಿಗೂ ಇರಲಿಲ್ಲ.

"ಒಂದು ಕುರ್ಚಿ ತನ್ನಿ ಭಾವಾ" ಎಂದೆ ನಾನು, ಶುಕ್ರವಾರ ಬೆಳಿಗ್ಗೆ ಅತ್ತಿಗೆಯನ್ನು ಕರೆತರಲು ಇಬ್ಬರೂ ಹೊರಟಾಗ.

"ಕುರ್ಚಿ? ಕುರ್ಚಿ ಅಂದ್ರ ಸೊಕ್ಕು. ಅದಕ್ಕೊಂದು ಮರ್ಯಾದಿ ಪದ್ಧತಿ ಅದ."

ಒಳಗೆ ಹೋಗಿ ಹೊರಗೆ ಬಂದರು. ಕೈಯಲ್ಲಿ ಕೆಂಪಂಚಿನ ಬಿಳಿ ಟವೆಲ್!

ನಿಮಗೆ ಅರ್ಥವಾಯಿತಲ್ಲವೆ? ನಮ್ಮ ಕಡೆ ಬಸ್ ನಿಲ್ದಾಣಕ್ಕೆ ಬಸ್ಸು ಇನ್ನೂ ಬರುತ್ತಿರುವಾಗಲೇ ಕಿಟಕಿಯ ಒಳಗೆ ಟವೆಲ್ ಎಸೆದು ಸೀಟು ಹಿಡಿಯುವುದಿಲ್ಲವೆ? ಆಮೇಲೆ ನಿಧಾನವಾಗಿ ಹತ್ತಿ, ಸೀಟಿನಲ್ಲಿ ಕೂತವನನ್ನು, "ಟವೆಲ್ ಕಾಣಲಿಲ್ಲೇನ್ರೀ?" ಎಂದು ಎಬ್ಬಿಸುವುದಿಲ್ಲವೆ? ಆ ಸನಾತನ ಹಕ್ಕನ್ನು ಭಾವನವರು ಜರ್ಸಿ ಸಿಟಿಯಲ್ಲಿ ಸ್ಥಾಪಿಸಲು ಹೊರಟಿದ್ದರು. ಕಾರು ತೆಗೆದ ಮೇಲೆ, ಜಾಗದ ನಟ್ಟನಡುವೆ ಟವೆಲ್ ಹಾಸಿ, ನಾಲ್ಕು ಮೂಲೆಗೂ ಐಸಿನ ಗಡ್ಡೆ ಇಟ್ಟು, ಮೂರ್ತಿಪ್ರತಿಷ್ಠೆ ಮುಗಿಸಿದ ಭಟ್ಟರಂತೆ ಹಿಂದೆ ಸರಿದು ನೋಡಿದರು.

ಎದುರು ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದ ಕಾರ್ಮೆನ್‌ಗೆ ತಡೆಯಲಾಗಲಿಲ್ಲ. ಇದೇನೆಂದು ಕೇಳಿದಳು. ಭಾವ ತಮ್ಮ ಗಂಭೀರವಾದ ಇಂಗ್ಲಿಷಿನಲ್ಲಿ ಬಸ್ಸು, ಕಿಟಕಿ, ಟವೆಲ್, ಸೀಟು ಎಲ್ಲವನ್ನೂ ಅಭಿನಯಸಹಿತ ವಿವರಿಸಿದರು.

"ಕಿಟಕಿಯಿಂದ ಎಸೆಯುವುದೆ?" ಎಂದಳು ಕಾರ್ಮೆನ್. "ನನ್ನ ಬಸ್ಸಿನಲ್ಲಿ ಎಸೆದು ನೋಡಬೇಕಿತ್ತು, ಡಾರ್ಲಿಂಗ್. ಟವೆಲ್ಲನ್ನೂ ಇಳಿಸುತ್ತಿದ್ದೆ, ನಿನ್ನನ್ನೂ ಇಳಿಸುತ್ತಿದ್ದೆ."

"ಆಕಿಗೆ ಕಲ್ಚರ್ ಗೊತ್ತಿಲ್ಲ" ಎಂದು ಭಾವ ಕಾರು ಹತ್ತಿದರು.

ಅತ್ತಿಗೆಯನ್ನು ಕರೆದುಕೊಂಡು ಹಿಂದಿರುಗಿದಾಗ ಏನು ಕಂಡಿತೆಂದು ನೀವು ಆಗಲೇ ಊಹಿಸಿದ್ದೀರಿ. ನಮಗೆ ಊಹೆ ಇರಲಿಲ್ಲ. ಮೆಟ್ಟಿಲಿನ ನೇರಕ್ಕೆ ಆನೆಯಂಥ ಕಪ್ಪು ಎಸ್‌ಯುವಿ ಒಂದು ಮಲಗಿತ್ತು. ಅದರ ಚಕ್ರದಡಿಯಿಂದ ಟವೆಲ್ಲಿನ ಕೆಂಪಂಚು ನಾಲಗೆಯಂತೆ ಹೊರಚಾಚಿತ್ತು.

ಕಾರ್ಮೆನ್ ಓಡಿಬಂದು ಕಾರಿನ ಕಿಟಕಿಗೆ ಬಾಗಿದಳು. ಯಾರೋ ಹೊಸ ಹುಡುಗ; ಟವೆಲ್ ನೋಡಿ ಯಾರ ಮನೆಯ ಬಟ್ಟೆಯೋ ಗಾಳಿಗೆ ಹಾರಿ ಬಿದ್ದಿದೆ ಎಂದುಕೊಂಡಿರಬೇಕು; ತಾನು ಮೆಟ್ಟಿಲಿಳಿದು ಕೂಗುವಷ್ಟರಲ್ಲಿ ಮೂಲೆ ತಿರುಗಿ ಹೋಗಿಬಿಟ್ಟ ಎಂದಳು. ಭಾವ ಸ್ಟಿಯರಿಂಗ್ ಹಿಡಿದು ಟವೆಲ್ಲಿನ ಅಂಚನ್ನೇ ನೋಡುತ್ತ ಕೂತರು. ಮುಂದೆಲ್ಲೂ ಜಾಗವಿಲ್ಲ. ಕಾರು ರಸ್ತೆಯ ನಡುವೆ ನಿಂತಿದೆ. ಕಾರಿನಿಂದ ಎಸ್‌ಯುವಿಯ ಮೂತಿಯನ್ನು ಬಳಸಿ ಮೆಟ್ಟಿಲು ಮುಟ್ಟುವ ತನಕ ರಸ್ತೆಯ ಮೇಲೆ ಬರೀ ಐಸು, ಕನ್ನಡಿಯ ಹಾಗೆ ಥಳಥಳ.

ಅತ್ತಿಗೆ ಕಿಟಕಿಯಿಂದ ಕೆಳಗೆ ನೋಡಿದರು. ಕಾಲನ್ನು ಒಳಕ್ಕೆ ಎಳೆದುಕೊಂಡರು.

"ರೀ, ಟಿಕೆಟ್ ತೆಗೀರಿ."

ಭಾವನ ಬಾಯಲ್ಲಿ ಮಿನೆಸೋಟವಿಲ್ಲ, ಬಫಲೋ ಇಲ್ಲ, ಏನೂ ಇಲ್ಲ! ಮೆಲ್ಲಗೆ ಕಾರಿಳಿದು, ಕಾಲು ಎಳೆಯುತ್ತ ಮನೆಯೊಳಗೆ ಹೋದರು. ಸೋತು ಹೋದರೆಂದೇ ನಾನು ತಿಳಿದೆ. ಹಿಂದಿನಿಂದ ಒಂದು ವ್ಯಾನು ಬಂದು ಹಾರ್ನ್ ಹೊಡೆಯಿತು.

ಆಗ ಕಾರ್ಮೆನ್ ಬೀದಿ ದಾಟಿ, ತನ್ನ ಜಾಗ ಕಾಯುತ್ತಿದ್ದ ಇಸ್ತ್ರಿ ಮೇಜನ್ನು ಎತ್ತಿಕೊಂಡು ಬಂದು, ನಮ್ಮ ಕಾರಿನ ಹಿಂದೆ ರಸ್ತೆಗೆ ಅಡ್ಡಲಾಗಿ ನಿಲ್ಲಿಸಿದಳು. ಅದರ ಪಕ್ಕದಲ್ಲಿ ಕೈಚಾಚಿ ತಾನೂ ನಿಂತಳು. ವ್ಯಾನಿನವನು ಇನ್ನೊಮ್ಮೆ ಹಾರ್ನಿಗೆ ಕೈ ಹಾಕಿದವನು ಅವಳ ಮುಖ ನೋಡಿ ತೆಗೆದ. ತಲೆತಲಾಂತರದ ತುಂಟ ಮಕ್ಕಳನ್ನು ಬಸ್ಸಿನ ಕನ್ನಡಿಯಲ್ಲೇ ನೋಡಿ ಹದ್ದುಬಸ್ತಿನಲ್ಲಿಟ್ಟ ಮುಖ ಅದು.

ಭಾವ ಹೊರಗೆ ಬಂದರು. ಹೆಗಲ ಮೇಲೆ ಸುರುಳಿ ಸುತ್ತಿದ ಜಮಖಾನ. ನವಲಗುಂದದಿಂದ ತರಿಸಿದ್ದು, ಗೌರಿಹಬ್ಬಕ್ಕೆ ಬಂದ ಮುತ್ತೈದೆಯರು ಕೂರಲಿಕ್ಕೆ ಮಾತ್ರ ಹೊರಬರುವಂಥದ್ದು, ನಾವು ಗಂಡಸರು ಅದರ ಅಂಚು ತುಳಿದರೂ ಅತ್ತಿಗೆಯಿಂದ ಮಂಗಳಾರತಿ. ಭಾವ ಅದನ್ನು ಕಾರಿನ ಬಾಗಿಲಿನಿಂದ ಐಸಿನ ಮೇಲೆ ಉದ್ದಕ್ಕೆ ಉರುಳಿಸಿಬಿಟ್ಟರು. ಸಾಲದೆ ಹೋದ ಕಡೆ ಕಾಲೊರಸು, ಬಚ್ಚಲಿನ ಮ್ಯಾಟು, ಕೊನೆಗೆ ಕಾರಿನ ಡಿಕ್ಕಿಯಲ್ಲಿದ್ದ ಯೋಗದ ಮ್ಯಾಟು. ಮೆಟ್ಟಿಲಿನ ತನಕ ದಾರಿಯಾಯಿತು.

"ಅಯ್ಯೋ, ನನ್ನ ಜಮಖಾನ!" ಅತ್ತಿಗೆ ಕೂಗಿಕೊಂಡರು. "ಬೂಟು ಹಾಕ್ಕೊಂಡು ಅದರ ಮೇಲೆ ನಡೀಬೇಕೇನ್ರೀ? ರಸ್ತೆಗೆ ಹಾಕಿರೋ ಉಪ್ಪಿನ ನೀರು ಹಿಡಿದರೆ ಬಣ್ಣ ಬಿಡತ್ತೆ!"

"ಬಿಡ್ಲಿ. ನೀ ಇಳಿ."

"ಜಾರಿದ್ರೆ?"

"ನಾ ಅದೀನಲ್ಲ."

ನಾನು ಹಿಂದಿನಿಂದ ಆತುಕೊಂಡೆ. ಭಾವ ಎದುರಿಗೆ ನಿಂತು, ಕೈಗವಸು ಕಿತ್ತೆಸೆದು, ಎರಡೂ ಕೈ ಚಾಚಿ ಅತ್ತಿಗೆಯ ಎರಡೂ ಕೈ ಹಿಡಿದರು. ನಾಲ್ಕು ಜನರ ಎದುರು ಅವರು ಹೆಂಡತಿಯ ಕೈ ಹಿಡಿದದ್ದನ್ನು ನಾನು ಕಂಡದ್ದು ಅದೇ ಮೊದಲು. ಮಗುವಿಗೆ ಹೆಜ್ಜೆ ಕಲಿಸುವವರ ಹಾಗೆ ಹಿಮ್ಮುಖವಾಗಿ ನಡೆಯತೊಡಗಿದರು; ಅವರು ನಡೆದದ್ದು ಮಾತ್ರ ಜಮಖಾನದ ಪಕ್ಕದ ಬರೀ ಐಸಿನ ಮೇಲೆ.

"ಹಾಂ, ಇಡು. ಇನ್ನೊಂದು. ನನ್ನ ಮುಖ ನೋಡು, ಕೆಳಗ ನೋಡಬ್ಯಾಡ."

"ನಿಮ್ಮ ಮುಖ ನೋಡಿದ್ರೆ ನಗು ಬರತ್ತೆ!"

"ನಗು. ನಗ್ತಾ ಇಡು."

ಹಿಂದೆ ಕಾರುಗಳ ಸಾಲು ಬೆಳೆದಿತ್ತು. ಒಂದೂ ಸದ್ದಿಲ್ಲ. ಅತ್ತಿಗೆ ಮೆಟ್ಟಿಲು ಹತ್ತಿ, ಬಾಗಿಲಿನ ಚೌಕಟ್ಟು ಹಿಡಿದು ನಿಂತು, ಉಸಿರು ಬಿಟ್ಟು, ತಾವು ನಡೆದು ಬಂದ ದಾರಿಯನ್ನು ತಿರುಗಿ ನೋಡಿದರು. ನಾನು ಡಲ್ಲಾಸಿನ ಮಾತು ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾದೆ.

"ನಾಳೆ ಬಿಸಿಲು ಬಂದ್ರೆ," ಎಂದರು ಅತ್ತಿಗೆ, "ಹೀಗೇ ಹಾಸ್ತೀರೇನ್ರೀ? ಮೂಲೆ ತನಕ ಹೋಗಿ ಬರೋಣ."

ಭಾವ ಕೆಳಗಿಳಿದು ಜಮಖಾನವನ್ನು ಎತ್ತಿ ಎರಡು ಸಲ ಝಾಡಿಸಿ, ಮೆಟ್ಟಿಲಿನ ಕಂಬಿಯ ಮೇಲೆ ಒಣಗಲು ಹರಡಿದರು. ಆ ಚಳಿಗೆ ಅದು ಒಣಗುವ ಬದಲು ಹಪ್ಪಳದಂತೆ ಸೆಟೆದುಕೊಂಡಿತು. ಅವರು ಮಾತ್ರ ಅಲ್ಲಿಂದ ಕದಲದೆ, ಬರಿಗೈಯಲ್ಲಿ ಅದರ ಸುಕ್ಕುಗಳನ್ನು ಒಂದೊಂದಾಗಿ ಸವರಿ ಸರಿಮಾಡುತ್ತಲೇ ಇದ್ದರು.