ದೇವರೂ ಬಾಯಿಬಿಟ್ಟು ಹೇಳಬೇಕು

ನಮ್ಮ ಮನೆಯಲ್ಲಿ ಬಾಡಿಗೆಗಿದ್ದ ಮೇಷ್ಟ್ರ ಮುಂದೆ ಕಾಫಿ ಇಟ್ಟರೆ ಅವರು ಕುಡಿಯುತ್ತಿರಲಿಲ್ಲ. ಬೇಡವೆಂದಲ್ಲ, ಕಾಫಿಯೆಂದರೆ ಪ್ರಾಣ! ಆದರೆ ಲೋಟ ನೋಡಿದರೆ ಇದನ್ನು ಮಾಡಿದವರು ಒಬ್ಬರಿದ್ದಾರೆ ಎಂಬುದಷ್ಟೇ ತಿಳಿಯುತ್ತದೆ, ಇದು ತನಗೇ ಎಂದು ಹೇಗೆ ತಿಳಿಯಬೇಕು ಎಂಬುದು ಅವರ ವಾದ. ಯಾರಾದರೂ ಬಾಯಿಬಿಟ್ಟು "ಕುಡೀರಿ" ಎನ್ನುವವರೆಗೆ, ಕಾಫಿ ತಣ್ಣಗಾಗಿ ಕೆನೆ ಕಟ್ಟಿದರೂ ಸರಿಯೇ, ಕೈಕಟ್ಟಿ ಕೂತಿರುತ್ತಿದ್ದರು. ಇಂಥವರನ್ನು ನೀವೆಲ್ಲಾದರೂ ಕಂಡಿದ್ದೀರಾ?

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ತುರುವೇಕೆರೆ ಕಡೆಯಿಂದ ತಿಪಟೂರಿನ ಈ ಮನೆಗೆ ಸೊಸೆಯಾಗಿ ಬರುವ ಹೊತ್ತಿಗಾಗಲೇ ಅವರು ಹಿತ್ತಲ ಕೋಣೆಯಲ್ಲಿದ್ದರು. ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ನಮ್ಮ ಬೀದಿಗೆಲ್ಲ ಕ್ರೈಸ್ತರೆಂದರೆ ಅವರೊಬ್ಬರೇ. ಭಾನುವಾರ ಇಸ್ತ್ರಿ ಮಾಡಿದ ಬಿಳಿ ಷರಟು ತೊಟ್ಟು ರೈಲಿನಲ್ಲಿ ತುಮಕೂರಿನ ಚರ್ಚಿಗೆ ಹೋಗಿ, ಸಂಜೆ ಒಬ್ಬರೇ ನಡೆದು ಬರುತ್ತಿದ್ದರು. ಹುಡುಗರಾಗಿದ್ದಾಗ ಪಾದ್ರಿಯಾಗಲು ಓದಿ ಅರ್ಧಕ್ಕೇ ಬಿಟ್ಟಿದ್ದರಂತೆ. ಓದು ಬಿಟ್ಟರೂ ವಾದ ಬಿಟ್ಟಿರಲಿಲ್ಲ.

ಅವರು ಬಂದು ಸೇರಿದ್ದಾದರೂ ಎಂಥ ಮನೆಗೆ! ನಮ್ಮದು ಕೊಬ್ಬರಿ ವ್ಯಾಪಾರದ ಮನೆತನ. ಅಟ್ಟದ ಮೇಲೆ ವರ್ಷವಿಡೀ ತೆಂಗಿನಕಾಯಿ ಒಣಗುತ್ತವೆ. ಒಂದನ್ನೆತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಇನ್ನೂ ನೀರಿದೆಯೋ, ಕೊಬ್ಬರಿಯಾಗಿದೆಯೋ, ಸದ್ದಿನಲ್ಲೇ ತಿಳಿಯಬೇಕು. ಮನುಷ್ಯರನ್ನೂ ಹಾಗೇ ತಿಳಿಯುವುದು ನಮ್ಮವರ ಪದ್ಧತಿ. ಬಾಯಿಬಿಟ್ಟು ಹೇಳುವುದೆಂದರೆ ನಾಚಿಕೆ. ನಾನು ಚೆನ್ನಾಗಿ ಕಾಣುತ್ತೇನೆಂದು ನನ್ನ ಗಂಡ ಇವತ್ತಿನವರೆಗೂ ಹೇಳಿಲ್ಲ. ಬಸ್‌ಸ್ಟ್ಯಾಂಡಿನಿಂದ ಮಲ್ಲಿಗೆ ತಂದು ಕಿಟಕಿಯಲ್ಲಿಟ್ಟು, ಒಮ್ಮೆ ಕೆಮ್ಮಿ ಹೋಗುತ್ತಾರೆ. ಅತ್ತೆಯಂತೂ ಪರಗಂಡಸರೊಡನೆ ಮಾತೇ ಆಡಿದವರಲ್ಲ. ಮೇಷ್ಟ್ರಿಗೆ ದಿನಾ ಮುದ್ದೆ ಸಾರು ಬಡಿಸುವವರು ಅವರೇ; ತಟ್ಟೆಯನ್ನು ಜಗಲಿಯ ಮೇಲಿಟ್ಟು, ಚಿಲಕ ಸದ್ದು ಮಾಡಿ ಒಳಗೆ ಹೋಗುವರು. ಮೇಷ್ಟ್ರು ಬಂದು ತಟ್ಟೆಯ ಮುಂದೆ ನಿಂತೇ ಇರುವರು. ನಾನು ಓಡಿಹೋಗಿ, "ನಿಮಗೇ, ಉಣ್ಣಿ" ಎನ್ನಬೇಕು. ಹೀಗೆ ಈ ಮನೆಯಲ್ಲಿ ನನಗೆ ಒಳಗಿನವರ ಮಾತನ್ನು ಹೊರಗಿನವರಿಗೆ ಮುಟ್ಟಿಸುವ ಪ್ರವಾದಿಯ ಕೆಲಸ ಸಿಕ್ಕಿತು!

ಸಂಜೆಯಾದರೆ ಅವರಿಗೂ ಮಾವನವರಿಗೂ ಅಟ್ಟದ ಕೆಳಗೆ ವಾದ. ದೇವರನ್ನು ತಿಳಿಯಲು ಎರಡು ದಾರಿ ಎನ್ನುವರು ಮೇಷ್ಟ್ರು. ಆಕಾಶ, ನಕ್ಷತ್ರ, ತೆಂಗಿನಮರ ನೋಡಿ ಇದಕ್ಕೆಲ್ಲ ಒಬ್ಬ ಕರ್ತನಿದ್ದಾನೆಂದು ನಮ್ಮ ಬುದ್ಧಿಯಿಂದಲೇ ತಿಳಿಯುವುದು ಒಂದು. ಅವನಾಗಿಯೇ ತನ್ನನ್ನು ತೋರಿಸಿಕೊಟ್ಟಾಗ ತಿಳಿಯುವುದು ಇನ್ನೊಂದು. ಮೊದಲನೆಯದರಿಂದ ಅವನಿದ್ದಾನೆಂದು ಗೊತ್ತಾಗಬಹುದು, ಆದರೆ ಅವನಿಗೆ ನಾವು ಬೇಕೋ ಬೇಡವೋ ಗೊತ್ತಾಗದು; ಅದಕ್ಕೇ ಅವನು ಮನುಷ್ಯನಾಗಿ ಬಂದು ಬಾಯಿಬಿಟ್ಟು ಹೇಳಬೇಕಾಯಿತು ಎಂಬುದು ಅವರ ಸಿದ್ಧಾಂತ. ಮಾವನವರೋ ದಿನಾ ಅಂಗೈಯಲ್ಲಿ ಲಿಂಗವಿಟ್ಟು ಮೌನವಾಗಿ ಪೂಜೆ ಮಾಡುವವರು. ಒಂದು ಸಂಜೆ ಕಾಯೊಂದನ್ನು ಅಲ್ಲಾಡಿಸಿ, "ಇದೇನು ಮಾತಾಡ್ತದಾ ಮೇಷ್ಟ್ರೇ? ಆದ್ರೂ ಒಳಗಿರೋದು ಗೊತ್ತಾಗಲ್ವೇನ್ರೀ?" ಎಂದರು.

"ಕಾಯಿಗೆ ಮನಸ್ಸಿಲ್ಲ ಕಣ್ರೀ, ಅದು ಏನನ್ನೂ ಮುಚ್ಚಿಡಲ್ಲ" ಎಂದರು ಮೇಷ್ಟ್ರು. ಗೆದ್ದ ಖುಷಿಯಲ್ಲಿ ನಗುತ್ತಿದ್ದವರು ಇದ್ದಕ್ಕಿದ್ದಂತೆ ದನಿ ತಗ್ಗಿಸಿದರು. "ನನ್ನ ಹೆಂಡ್ತಿ ದಿನಾ ಅಡಿಗೆ ಮಾಡಿ ಬಡಿಸ್ತಿದ್ಲು. ಅದನ್ನ ನೋಡಿ, ಇವಳು ನನ್ನ ಜೊತೆ ಸಂತೋಷವಾಗಿದಾಳೆ ಅಂದ್ಕೊಂಡೆ. ಅವಳು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ. ಈಗ ಯಾರನ್ನ ಕೇಳ್ಲಿ?"

ಮಾವನವರು ಕಾಯಿಯನ್ನು ಮೆಲ್ಲಗೆ ಕೆಳಗಿಟ್ಟರು. ಆಮೇಲಿಂದ ನಾನು ಹಿತ್ತಲ ಕೋಣೆಯ ಕಡೆ ಕಿವಿ ಕೊಡತೊಡಗಿದೆ. ಮೇಷ್ಟ್ರು ಒಬ್ಬರೇ ಕೂತು ಬೈಬಲನ್ನು ಗಟ್ಟಿಯಾಗಿ ಓದುವರು. ನಡುನಡುವೆ, ಯಾರೋ ಮಾತಾಡಲೆಂದು ಜಾಗ ಬಿಟ್ಟವರ ಹಾಗೆ, ನಿಲ್ಲಿಸುವರು. ಮನೆ ತುಂಬ ಜನರಿದ್ದ ನನಗೂ ಅದನ್ನು ಕೇಳಿದರೆ ಒಂಟಿಯೆನಿಸುತ್ತಿತ್ತು.

ಕೆಲವು ವರ್ಷಗಳ ಮೇಲೆ ಅವರಿಗೆ ನಿವೃತ್ತಿಯಾಯಿತು. ಒಂದು ಬೆಳಿಗ್ಗೆ ಟ್ರಂಕು, ಹಾಸಿಗೆ ಸುರುಳಿ ಹೊರಗಿಟ್ಟು ಜಟಕಾ ಕರೆಸಿಯೇಬಿಟ್ಟರು. ನಾವು ದಂಗು! ಮೈಸೂರಿನ ಕಡೆ ಯಾವುದೋ ವೃದ್ಧಾಶ್ರಮಕ್ಕಂತೆ. ಕೆಲಸ ಮುಗಿದ ಮೇಲೂ ಇಲ್ಲೇ ಇರಿ ಎಂದು ಯಾರೂ ಹೇಳಲಿಲ್ಲವಂತೆ. ಹೇಳುವುದೇನು ಬಂತು? ಅವರ ಕೋಣೆಗೆ ಸುಣ್ಣ ಹೊಡೆಸಿದ್ದೆವು, ಅವರ ಮೊಣಕಾಲು ನೋವಿಗೆಂದೇ ಮೆಟ್ಟಿಲು ತಗ್ಗಿಸಿದ್ದೆವು. ಅವರಿಗೆ ತಿಳಿದಿರುತ್ತದೆಂದು ನಾವು ಆರಾಮವಾಗಿದ್ದೆವು. ಮೇಷ್ಟ್ರೋ ಸುಣ್ಣ ನೋಡಿ, ಇದು ಮುಂದಿನ ಬಾಡಿಗೆದಾರರಿಗೆ ಎಂದುಕೊಂಡಿದ್ದರು! ಹೇಳದೆಯೇ ತಿಳಿಯುತ್ತದೆಂದುಕೊಳ್ಳುವ ಇಂಥ ತಪ್ಪನ್ನು ಕೊಬ್ಬರಿ ಮನೆತನದವರೇ ಮಾಡಬೇಕು.

ನನ್ನ ಗಂಡ ಕೆಮ್ಮಿದರು. ಮಾವನವರು ಹೋಗಿ ಕುದುರೆಯ ಲಗಾಮು ಹಿಡಿದು ನಿಂತರು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಸೆರಗನ್ನು ತಲೆಯ ಮೇಲೆಳೆದುಕೊಂಡು ಹೊಸಿಲು ದಾಟಿ ಬೀದಿಗೇ ಬಂದರು. ಜಟಕಾದವನ ಎದುರಿಗೇ, ಮೇಷ್ಟ್ರ ಮುಖ ನೋಡಿ ಹೇಳಿದರು.

"ಹೋಗ್ಬ್ಯಾಡಿ. ಇಷ್ಟು ದಿನ ಅನ್ನ ಇಟ್ಟಿದ್ದು ಬಾಡಿಗೆ ಕೊಡ್ತೀರಿ ಅಂತಲ್ಲ. ನೀವು ನಮಗೆ ಬೇಕು ಕಣಪ್ಪ."

ಮೇಷ್ಟ್ರು ಟ್ರಂಕಿನ ಮೇಲೆ ಕೂತುಬಿಟ್ಟರು. ಬೀದಿಯವರನ್ನೆಲ್ಲ ವಾದದಲ್ಲಿ ಸೋಲಿಸಿದವರು, "ಇನ್ನೊಂದ್ಸಲ ಹೇಳಿ ತಾಯಿ" ಎಂದರು.

ಅತ್ತೆ ಇನ್ನೊಂದು ಸಲ ಹೇಳಿದರು.